ನೈಸೆ ನದಿಯ ದಡದಲ್ಲೊಂದು ಊರು

ಜರ್ಮನಿಯ ಭೂಪಟವನ್ನು ಹರಡಿಕೊಂಡು ಅದರ ಪೂರ್ವದ ಅಂಚಿನಗುಂಟ ಬೆರಳೋಡಿಸಿದರೆ, ಪೋಲೆಂಡಿನ ಮಗ್ಗುಲಿಗೆ ಒರಗಿಕೊಂಡಂತೆ ಗೋರ್ಲಿತ್ಸ್ ಎಂಬ ಊರು ಸಿಕ್ಕುತ್ತದೆ. ಆ ದೇಶದ ಅತ್ಯಂತ ಪೂರ್ವದ ಪಟ್ಟಣ ಇದು. ಸ್ಯಾಕ್ಸನಿ ರಾಜ್ಯದ ರಾಜಧಾನಿಯಾದ ಡ್ರೆಸ್ಡೆನ್ನಿನಿಂದ ಹೊರಟ ರೈಲು ಸುಮಾರು ಒಂದೂವರೆ ಗಂಟೆಯಲ್ಲಿ ನಮ್ಮನ್ನು ಇಲ್ಲಿಗೆ ಮುಟ್ಟಿಸುತ್ತದೆ. 1945ರ ಫೆಬ್ರವರಿಯಲ್ಲಿ ಡ್ರೆಸ್ಡೆನ್ ಬಾಂಬಿನ ಬೆಂಕಿಯಲ್ಲಿ ಬೂದಿಯಾಯಿತು. ಗೋರ್ಲಿತ್ಸ್ ಮಾತ್ರ ದೈವಕೃಪೆಯೋ ಎಂಬಂತೆ ಉಳಿದುಕೊಂಡಿತು. ಗಾಥಿಕ್ ಶಿಖರ, ರಿನೈಸಾನ್ಸ್ ಕಾಲದ ಕಮಾನು, ಬರೋಕ್ ಶೈಲಿಯ ಮುಂಬಾಗಿಲು, ಇವೆಲ್ಲವನ್ನೂ ಇಲ್ಲಿ ಅರ್ಧ ಗಂಟೆಯ ನಡಿಗೆಯಲ್ಲಿ ನೋಡಿಬಿಡಬಹುದು. ಸಂರಕ್ಷಿತ ಸ್ಮಾರಕಗಳೆಂದು ಪಟ್ಟಿಯಾಗಿರುವ ಕಟ್ಟಡಗಳೇ ಸುಮಾರು 4,000. ಚಲನಚಿತ್ರದವರಿಗಂತೂ ಇದು ನೆಚ್ಚಿನ ಊರು. 2014ರಲ್ಲಿ ತೆರೆ ಕಂಡ 'ಗ್ರ್ಯಾಂಡ್ ಬುಡಾಪೆಸ್ಟ್ ಹೋಟೆಲ್' ಚಿತ್ರದ ವೈಭವದ ಹೋಟೆಲು, ವಾಸ್ತವವಾಗಿ ಇಲ್ಲಿಯ ಹಳೆಯದೊಂದು ಬಹುಮಹಡಿಯ ಅಂಗಡಿ.

ಊರಿನ ಇಳಿಜಾರಿನ ಕೆಳಗೆ ನೈಸೆ ನದಿ ಹರಿಯುತ್ತದೆ. ನದಿಯೆಂದರೆ ನಮ್ಮ ಕಾವೇರಿ, ತುಂಗಭದ್ರೆಗಳನ್ನು ನೆನೆಯಬಾರದು. ಇದೊಂದು ಸಣ್ಣ ಹೊಳೆ. ಆದರೂ ಅದರ ಮೇಲೆ ಇತಿಹಾಸ ಹೊರಿಸಿದ ಭಾರ ಅಷ್ಟಿಷ್ಟಲ್ಲ. 1945ರಲ್ಲಿ ವಿಜಯೀ ರಾಷ್ಟ್ರಗಳು ಈ ಹೊಳೆಯನ್ನೇ ಗಡಿಯೆಂದು ಗೆರೆ ಎಳೆದಾಗ, ಒಂದೇ ಆಗಿದ್ದ ಊರು ಎರಡಾಯಿತು. ಪೂರ್ವ ದಡದ ಬಡಾವಣೆಗಳು ಪೋಲೆಂಡಿಗೆ ಸೇರಿ ಜ್ಗೊಜೆಲೆತ್ಸ್ ಎಂಬ ಹೆಸರು ಪಡೆದವು. ಹದಿನೇಳನೆಯ ಶತಮಾನದ ಆದಿಯಲ್ಲಿ ಇಲ್ಲಿ ಯಾಕೋಬ್ ಬ್ಯೋಮೆ ಎಂಬ ಅನುಭಾವಿಯಿದ್ದ. ನಮ್ಮ ಹರಳಯ್ಯನಂತೆ ಪಾದರಕ್ಷೆ ಹೊಲಿಯುವ ಕಾಯಕದವನು. ಇಂದು ಅವನ ಮನೆ ಪೋಲೆಂಡಿನಲ್ಲಿದೆ, ಸಮಾಧಿ ಜರ್ಮನಿಯಲ್ಲಿದೆ! ಯುದ್ಧದ ಕೊನೆಯಲ್ಲಿ ಮುರಿದುಬಿದ್ದ ಹಳೆಯ ಸೇತುವೆಯ ಎಡೆಯಲ್ಲಿ ಕಾಲುಸೇತುವೆಯೊಂದು ಎದ್ದುನಿಂತದ್ದು 2004ರಲ್ಲಿ. 2007ರ ಡಿಸೆಂಬರಿನಲ್ಲಿ ಗಡಿಯ ತಪಾಸಣೆಯೂ ರದ್ದಾಗಿ, ಈ ದಡದವರು ಆ ದಡಕ್ಕೆ ಊಟಕ್ಕೆ ಹೋಗಿಬರುವುದು ನಿತ್ಯದ ಮಾತಾಯಿತು.

ಇಂಥ ರಮಣೀಯವಾದ, ನೆರೆನಾಡಿನೊಡನೆ ಕೈಕುಲುಕಿ ನಿಂತಿರುವ ಊರನ್ನು ಕಂಡವರಿಗೆ ಅದರ ಮತಪೆಟ್ಟಿಗೆಯ ಸಮಾಚಾರ ಆಶ್ಚರ್ಯವನ್ನು ತರದೆ ಇರದು. 2025ರ ಫೆಬ್ರವರಿ 23ರಂದು ನಡೆದ ಜರ್ಮನಿಯ ಮಹಾಚುನಾವಣೆಯಲ್ಲಿ, ವಲಸೆಗಾರರ ವಿರೋಧವನ್ನೇ ಮುಖ್ಯ ಘೋಷಣೆಯಾಗಿ ಹಿಡಿದ ಎ.ಎಫ್.ಡಿ., ಎಂದರೆ 'ಜರ್ಮನಿಗೆ ಪರ್ಯಾಯ' ಎಂಬ ಪಕ್ಷ, ಇಡೀ ದೇಶದಲ್ಲಿ ನೂರಕ್ಕೆ 20.8ರಷ್ಟು ಮತಗಳನ್ನು ಗಳಿಸಿ ಎರಡನೆಯ ಸ್ಥಾನಕ್ಕೇರಿತು. ಗೋರ್ಲಿತ್ಸ್ ಕ್ಷೇತ್ರದಲ್ಲಿ ಆ ಪಕ್ಷಕ್ಕೆ ಬಿದ್ದದ್ದು ನೂರಕ್ಕೆ 45ಕ್ಕೂ ಮಿಕ್ಕಿದ ಮತಗಳು. ಅದರ ಮುಖಂಡರಲ್ಲೊಬ್ಬರಾದ, ಕಸುಬಿನಲ್ಲಿ ಮನೆಗಳಿಗೆ ಬಣ್ಣ ಬಳಿಯುವವರಾಗಿದ್ದ ಟೀನೊ ಕ್ರುಪಾಲಾ ಅವರ ಕ್ಷೇತ್ರವೂ ಇದೇ.

ವೈಚಿತ್ರ್ಯವೊಂದನ್ನು ಇಲ್ಲಿ ಗಮನಿಸಬೇಕು. ಪರದೇಶದವರು ಹೆಚ್ಚಾಗಿ ನೆಲೆಸಿರುವುದು ಪಶ್ಚಿಮ ಜರ್ಮನಿಯ ಫ್ರಾಂಕ್‌ಫರ್ಟ್, ಸ್ಟುಟ್‌ಗಾರ್ಟ್, ಕೊಲೋನ್ ಮೊದಲಾದ ನಗರಗಳಲ್ಲಿ. ಬರ್ಲಿನ್ನನ್ನು ಬಿಟ್ಟರೆ, ಪೂರ್ವದ ರಾಜ್ಯಗಳಲ್ಲಿ ಅವರ ಪ್ರಮಾಣ ಪಶ್ಚಿಮದ ಸುಮಾರು ಅರ್ಧದಷ್ಟು ಮಾತ್ರ. ಆದರೆ ಎ.ಎಫ್.ಡಿ. ಮೊದಲ ಸ್ಥಾನಕ್ಕೆ ಬಂದದ್ದು ಈ ಪೂರ್ವದ ಐದು ರಾಜ್ಯಗಳಲ್ಲಿಯೇ! ಬಂದವರು ಕಡಮೆಯಿರುವಲ್ಲಿ ಬಂದವರ ಭಯ ಹೆಚ್ಚು. ಇದರ ಗುಟ್ಟೇನು?

ಬಂದವರ ಲೆಕ್ಕವನ್ನು ಬದಿಗಿಟ್ಟು ಹೋದವರ ಲೆಕ್ಕವನ್ನು ತೆಗೆದುಕೊಂಡರೆ ಗುಟ್ಟು ಸ್ವಲ್ಪ ಸಡಿಲುತ್ತದೆ. 1950ರ ಸುಮಾರಿಗೆ ಗೋರ್ಲಿತ್ಸಿನ ಜನಸಂಖ್ಯೆ ನಿರಾಶ್ರಿತರೂ ಸೇರಿ ಒಂದು ಲಕ್ಷದಷ್ಟಿತ್ತು. ಈಗ ಸುಮಾರು 56,000. ಸಮತಾವಾದಿ ಪೂರ್ವ ಜರ್ಮನಿಯ ಕಾಲದಲ್ಲಿ ನಿಧಾನವಾಗಿದ್ದ ಇಳಿತ, ಬರ್ಲಿನ್ನಿನ ಗೋಡೆ ಉರುಳಿದ 1989ರ ತರುವಾಯ ಪ್ರವಾಹದ ವೇಗವನ್ನು ಪಡೆಯಿತು. 1990ರ ಜುಲೈ 1ರಂದು ಪಶ್ಚಿಮದ ಮಾರ್ಕ್ ನಾಣ್ಯ ಪೂರ್ವಕ್ಕೆ ಬಂದಿತು. ಜನರು ಹರ್ಷಿಸಿದರು. ಆದರೆ ಕಾರ್ಖಾನೆಗಳು ಒಂದೇ ರಾತ್ರಿಯಲ್ಲಿ ತಮ್ಮ ಕೂಲಿಗಳಿಗೆ ಆ ಬೆಲೆಯುಳ್ಳ ನಾಣ್ಯದಲ್ಲಿ ಸಂಬಳ ಕೊಡಬೇಕಾಯಿತು. ಅವುಗಳ ಸರಕನ್ನು ಕೊಳ್ಳುತ್ತಿದ್ದ ಪೂರ್ವ ಯುರೋಪಿನವರ ಬಳಿ ಆ ನಾಣ್ಯವೇ ಇರಲಿಲ್ಲ. 'ಟ್ರಾಯ್‌ಹಾಂಡ್' ಎಂಬ ಸರ್ಕಾರಿ ಸಂಸ್ಥೆಯ ವಶಕ್ಕೆ ಬಂದ ಸುಮಾರು 8,000 ಉದ್ಯಮಗಳಲ್ಲಿ 40 ಲಕ್ಷ ಮಂದಿ ದುಡಿಯುತ್ತಿದ್ದರು. 1994ರಲ್ಲಿ ಆ ಸಂಸ್ಥೆ ತನ್ನ ಕೆಲಸವನ್ನು ಮುಗಿಸುವ ವೇಳೆಗೆ, ಮಾರಾಟವಾಗಿಯೋ ಮುಚ್ಚಿಯೋ, ಆ ಕೆಲಸಗಳಲ್ಲಿ ಬಹುಪಾಲು ಮಾಯವಾಗಿದ್ದವು. ಪೂರ್ವದ ನೆಲ ಬೇಗನೆ ಹೂಬಿಟ್ಟು ನಳನಳಿಸುವುದೆಂದು ಪ್ರಧಾನಿ ಹೆಲ್ಮುಟ್ ಕೋಲ್ ಭರವಸೆ ಕೊಟ್ಟಿದ್ದರು. ಹೂವನ್ನು ಕಾಯುತ್ತ ಕೂಡುವಷ್ಟು ತಾಳ್ಮೆ ಯುವಕರಿಗೆಲ್ಲಿ? 1991ರಿಂದ 2017ರವರೆಗಿನ ಹೋದವರ, ಬಂದವರ ಲೆಕ್ಕವನ್ನು ಕೂಡಿ ಕಳೆದರೆ, ಪೂರ್ವವು ಪಶ್ಚಿಮಕ್ಕೆ ತೆತ್ತದ್ದು ಸುಮಾರು 12 ಲಕ್ಷ ಜನರನ್ನು. ಅವರಲ್ಲಿ ಓದಿದ ತರುಣಿಯರು ವಿಶೇಷವಾಗಿ ಹೆಚ್ಚು. ಶಾಲೆ ಮುಚ್ಚಿತು, ರೈಲುಗಾಡಿ ನಿಂತಿತು, ವೈದ್ಯರು ವಯಸ್ಸಾಗಿ ನಿವೃತ್ತರಾದರು, ಮೊಮ್ಮಕ್ಕಳು ಮ್ಯೂನಿಕ್ಕಿನಲ್ಲಿ ಬೆಳೆದರು.

ಗೋರ್ಲಿತ್ಸಿನ ಬೀದಿಗಳಲ್ಲಿ ಈ ಕಥೆ ಕಣ್ಣಿಗೇ ಕಾಣುತ್ತದೆ. 1995ರಿಂದ 2016ರವರೆಗೆ, ಹೆಸರು ಹೇಳಲೊಪ್ಪದ ದಾನಿಯೊಬ್ಬರು ಹಳೆಯ ಕಟ್ಟಡಗಳ ಜೀರ್ಣೋದ್ಧಾರಕ್ಕೆಂದು ಪ್ರತಿವರ್ಷವೂ 10 ಲಕ್ಷ ಮಾರ್ಕುಗಳನ್ನು, ಅನಂತರ ಅದಕ್ಕೆ ಸಮನಾದ ಯೂರೊಗಳನ್ನು ಈ ಊರಿಗೆ ಕಳುಹಿಸಿದರು. ಗೋಡೆಗಳು ಹೊಳೆದವು, ಆದರೆ ಆ ಗೋಡೆಗಳ ಹಿಂದಿನ ಅನೇಕ ಮನೆಗಳಲ್ಲಿ ದೀಪ ಹಚ್ಚುವವರಿರಲಿಲ್ಲ. ಮನೆಯನ್ನು ಸಿಂಗರಿಸುವುದು ಬೇರೆ, ಮನೆ ತುಂಬುವುದು ಬೇರೆ.

ಹೀಗೆ ತಮ್ಮನ್ನು ಯಾರೂ ವಿಚಾರಿಸುವವರಿಲ್ಲವೆಂಬ ಕೊರಗು ಹೆಪ್ಪುಗಟ್ಟಿದ್ದ ಕಾಲಕ್ಕೆ, 2015ರಲ್ಲಿ ಸಿರಿಯಾ ಮೊದಲಾದ ದೇಶಗಳ ಸುಮಾರು 8,90,000 ನಿರಾಶ್ರಿತರು ಜರ್ಮನಿಗೆ ಬಂದರು. ಇದನ್ನು ನಾವು ನಿಭಾಯಿಸಬಲ್ಲೆವೆಂದು ಪ್ರಧಾನಿ ಆಂಗೆಲಾ ಮೆರ್ಕೆಲ್ ಹೇಳಿದರು. ಆ ಮಾತಿನ ಹಿಂದೆ ಮನುಷ್ಯತ್ವವಿತ್ತು. ಆದರೆ ಕಾರ್ಖಾನೆ ಮುಚ್ಚಿದಾಗ 'ಹಣವಿಲ್ಲ' ಎಂಬ ಉತ್ತರವನ್ನು ಕೇಳಿದ್ದವರ ಕಿವಿಗೆ ಅದು ಬೇರೆಯಾಗಿಯೇ ಕೇಳಿಸಿತು: ಇವರಿಗೆ ಇರುವ ಹಣ ನಮಗೇಕೆ ಇರಲಿಲ್ಲ? 2013ರಲ್ಲಿ ಯೂರೊ ನಾಣ್ಯದ ನೀತಿಯನ್ನು ವಿರೋಧಿಸಲು ಅರ್ಥಶಾಸ್ತ್ರದ ಅಧ್ಯಾಪಕರು ಸೇರಿ ಕಟ್ಟಿದ್ದ ಎ.ಎಫ್.ಡಿ., ಆ ವರ್ಷ ನೂರಕ್ಕೆ 4.7 ಮತಗಳೊಡನೆ ಸಂಸತ್ತಿನ ಹೊರಗುಳಿದಿತ್ತು. ಅದು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡು, ತನ್ನ ಸ್ಥಾಪಕರನ್ನೇ ಬದಿಗೆ ಸರಿಸಿ, 2017ರಲ್ಲಿ ನೂರಕ್ಕೆ 12.6 ಮತಗಳೊಡನೆ ಸಂಸತ್ತನ್ನು ಪ್ರವೇಶಿಸಿತು. ಪಶ್ಚಿಮದ ಗೆಲ್ಸೆನ್‌ಕಿರ್ಖೆನ್ ನಗರದಲ್ಲಿ ಕಲ್ಲಿದ್ದಲ ಗಣಿಗಳು ಮುಚ್ಚಿ ನಿರುದ್ಯೋಗ ಬೇರೂರಿದೆ. 2025ರಲ್ಲಿ ಅಲ್ಲಿಯೂ ಇದೇ ಪಕ್ಷ ಹೆಚ್ಚು ಮತಗಳನ್ನು ಪಡೆಯಿತು. ಕೆಲಸ ಕಳೆದುಕೊಂಡ ಊರುಗಳ ಮನಸ್ಸು ದಿಕ್ಕನ್ನು ಲೆಕ್ಕಿಸದು.

ಹಾಗೆಂದ ಮಾತ್ರಕ್ಕೆ ಎಲ್ಲವನ್ನೂ ಬಡತನದ ತಲೆಗೆ ಕಟ್ಟುವುದೂ ಸರಿಯಲ್ಲ. ಗೋರ್ಲಿತ್ಸಿಗೆ ಸಮೀಪದ ಹೊಯರ್ಸ್‌ವೆರ್ಡಾ ಎಂಬಲ್ಲಿ, ಪೂರ್ವ ಜರ್ಮನಿಯ ಸರ್ಕಾರವೇ ದುಡಿಮೆಗೆ ಕರೆತಂದಿದ್ದ ವಿಯೆಟ್ನಾಮ್ ಮತ್ತು ಮೊಜಾಂಬಿಕ್ ದೇಶಗಳ ಕೂಲಿಗಾರರ ವಸತಿಗೃಹದ ಮೇಲೆ 1991ರ ಸೆಪ್ಟೆಂಬರಿನಲ್ಲಿ ದಿನಗಟ್ಟಲೆ ಕಲ್ಲು, ಬೆಂಕಿ ಎರಚಲಾಯಿತು. ಕೊನೆಗೆ ಊರು ಬಿಟ್ಟವರು ಹಲ್ಲೆ ಮಾಡಿದವರಲ್ಲ. ಹಲ್ಲೆಗೊಳಗಾದವರನ್ನೇ ಬಸ್ಸುಗಳಲ್ಲಿ ತುಂಬಿ ಸಾಗಿಸಿದರು. ಎ.ಎಫ್.ಡಿ. ಹುಟ್ಟುವುದಕ್ಕೆ ಇಪ್ಪತ್ತೆರಡು ವರ್ಷಗಳ ಹಿಂದಿನ ಮಾತಿದು. ದ್ವೇಷಕ್ಕೆ ತನ್ನದೇ ಆದ ಬೇರಿದೆ. ಕಷ್ಟ ಅದಕ್ಕೆ ನೀರೆರೆಯುತ್ತದೆ, ಅಷ್ಟೆ. ಸ್ಯಾಕ್ಸನಿಯ ಸಂವಿಧಾನ ರಕ್ಷಣಾ ಇಲಾಖೆ ಆ ರಾಜ್ಯದ ಎ.ಎಫ್.ಡಿ. ಶಾಖೆಯನ್ನು 2023ರ ಡಿಸೆಂಬರಿನಲ್ಲಿ ಬಲಪಂಥೀಯ ತೀವ್ರಗಾಮಿ ಸಂಘಟನೆಯೆಂದು ವರ್ಗೀಕರಿಸಿತು. ಮತದಾರರು ಇದನ್ನು ಅರಿಯದವರಲ್ಲ; ಅರಿತೂ ಮತ ಕೊಟ್ಟರು. ಆ ವರ್ಷದ ಅಕ್ಟೋಬರಿನಲ್ಲಿ ಸರ್ಕಾರವೇ ನೈಸೆಯ ಗಡಿಯಲ್ಲಿ ತಪಾಸಣೆಯನ್ನು ಮತ್ತೆ ಆರಂಭಿಸಿತ್ತು. ಅದರಿಂದ ಆ ಪಕ್ಷದ ಮತವೇನೂ ತಗ್ಗಲಿಲ್ಲ.

ಆದರೆ ಈ ಊರಿನ ಇನ್ನೊಂದು ಮುಖವನ್ನೂ ಹೇಳದಿದ್ದರೆ ಅನ್ಯಾಯವಾದೀತು. 2019ರಲ್ಲಿ ನಗರಾಧ್ಯಕ್ಷರ ಚುನಾವಣೆಯ ಮೊದಲ ಸುತ್ತಿನಲ್ಲಿ ಎ.ಎಫ್.ಡಿ.ಯ ಅಭ್ಯರ್ಥಿಯೇ ಮುಂದಿದ್ದರು. ಇತರ ಪಕ್ಷಗಳವರು ಹಿಂದೆ ಸರಿದು ಒಬ್ಬರಿಗೇ ಬೆಂಬಲ ಕೊಟ್ಟರು. ಎರಡನೆಯ ಸುತ್ತಿನಲ್ಲಿ ನೂರಕ್ಕೆ 55 ಮತಗಳನ್ನು ಪಡೆದು ಗೆದ್ದವರು ಓಕ್ಟಾವಿಯನ್ ಉರ್ಸು. ರೊಮೇನಿಯಾದಲ್ಲಿ ಹುಟ್ಟಿ, 1990ರಲ್ಲಿ ಈ ಊರಿನ ವಾದ್ಯವೃಂದದಲ್ಲಿ ಕಹಳೆ ಊದಲೆಂದು ಬಂದವರು. ಊರಿನ ಯುವಜನ ಹೊರಟುನಿಂತ ವರ್ಷದಲ್ಲಿ ಹೊರಗಿನಿಂದ ಬಂದು ನಿಂತವರನ್ನು ಊರು ತನ್ನವರೆಂದು ಒಪ್ಪಿಕೊಂಡಿತು.

ಈ ಸಂಗತಿ ನಮ್ಮ ಮನೆಗಳಿಗೂ ದೂರದ್ದಲ್ಲ. ಇಂದು ಜರ್ಮನಿಯ ವಿಶ್ವವಿದ್ಯಾನಿಲಯಗಳಲ್ಲಿ ಓದುತ್ತಿರುವ ಪರದೇಶದ ವಿದ್ಯಾರ್ಥಿಗಳಲ್ಲಿ ಭಾರತೀಯರದೇ ದೊಡ್ಡ ಗುಂಪು. ಬೆಂಗಳೂರು, ಮೈಸೂರುಗಳಿಂದ ಹೋದವರೂ ಅಲ್ಲಿದ್ದಾರೆ. ಕುಶಲ ಕೆಲಸಗಾರರಾದ ಭಾರತೀಯರಿಗೆ ವರ್ಷಕ್ಕೆ 20,000 ಇದ್ದ ವೀಸಾಗಳನ್ನು 90,000ಕ್ಕೆ ಏರಿಸುವುದಾಗಿ ಅಲ್ಲಿಯ ಸರ್ಕಾರ 2024ರ ಅಕ್ಟೋಬರಿನಲ್ಲಿ ಸಾರಿತು. ಮುದುಕರಾಗುತ್ತಿರುವ ಆ ದೇಶಕ್ಕೆ ದುಡಿಯುವ ಕೈಗಳು ಬೇಕು. ಅದೇ ದೇಶದ ಐವರಲ್ಲಿ ಒಬ್ಬರ ಮತ ಆ ಕೈಗಳನ್ನು ಶಂಕೆಯಿಂದ ನೋಡುವ ಪಕ್ಷಕ್ಕೆ. ಅಲ್ಲಿಗೆ ಹೊರಟಿರುವ ಮಕ್ಕಳೂ ಅವರನ್ನು ಕಳುಹಿಸಿಕೊಡುವ ತಾಯಿತಂದೆಯರೂ ಈ ಎರಡನ್ನೂ ಒಟ್ಟಿಗೆ ತಿಳಿದಿರುವುದು ಒಳ್ಳೆಯದು.

1849ರಿಂದ ರೈಲಿನ ಗಾಡಿಗಳನ್ನು ಕಟ್ಟುತ್ತ ಬಂದಿದ್ದ ಗೋರ್ಲಿತ್ಸಿನ ಕಾರ್ಖಾನೆಯನ್ನು ಮುಚ್ಚಲಾಗುವುದೆಂಬ ಸುದ್ದಿ 2024ರಲ್ಲಿ ಬಂದಿತು. 2025ರ ಫೆಬ್ರವರಿಯಲ್ಲಿ, ಚುನಾವಣೆಗೆ ಕೆಲವೇ ದಿನಗಳ ಮೊದಲು, ಶಸ್ತ್ರಾಸ್ತ್ರಗಳ ಸಂಸ್ಥೆಯೊಂದು ಅದನ್ನು ವಹಿಸಿಕೊಂಡು ಯುದ್ಧಟ್ಯಾಂಕುಗಳ ಭಾಗಗಳನ್ನು ತಯಾರಿಸುವುದೆಂದು ಒಪ್ಪಂದವಾಯಿತು. ಊರುಗಳನ್ನು ಕೂಡಿಸುವ ಗಾಡಿ ತಯಾರಾಗುತ್ತಿದ್ದ ಅಂಗಳದಲ್ಲಿ ಇನ್ನು ಮೇಲೆ ಟ್ಯಾಂಕಿನ ಉಕ್ಕು. ಅರ್ಧದಷ್ಟು ಕೆಲಸಗಳಾದರೂ ಉಳಿದವಲ್ಲ ಎಂದು ಕೆಲಸಗಾರರು ನಿಟ್ಟುಸಿರುಬಿಟ್ಟರೆ ಅವರನ್ನು ದೂರುವಂತಿಲ್ಲ. ಸಂಜೆಯಾದೊಡನೆ ಕಾಲುಸೇತುವೆಯ ಮೇಲೆ ಜರ್ಮನರೂ ಪೋಲರೂ ಎಂದಿನಂತೆ ಅತ್ತಿಂದಿತ್ತ ನಡೆದಾಡುತ್ತಾರೆ.