ಉತ್ತ ನೆಲದಿಂದ ಬಂದ ಮಾತು

ಕೆಲವು ಪದಗಳನ್ನು ಕಂಡರೆ ಅವುಗಳ ಮನೆತನ ವಿಚಾರಿಸಬೇಕೆನಿಸುತ್ತದೆ. ‘ಇನ್‌ಕಲ್ಚರೇಶನ್’ ನನಗೆ ಅಂಥದ್ದು. ಕ್ರೈಸ್ತಧರ್ಮ ತಾನು ಹೋದ ನಾಡಿನ ನಡೆನುಡಿಯಲ್ಲಿ ಬೇರುಬಿಟ್ಟು ಆ ನಾಡಿನದೇ ಆಗಿ ಬೆಳೆಯುವುದಕ್ಕೆ ದೈವಶಾಸ್ತ್ರಜ್ಞರು ಇಟ್ಟ ಹೆಸರು ಅದು. ಪದಕ್ಕೆ ವಯಸ್ಸು ಹೆಚ್ಚಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಹುಟ್ಟಿ, 1979ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಅವರ ಅಧಿಕೃತ ಬರಹದಲ್ಲಿ ಜಾಗ ಪಡೆಯಿತು. ಬೇರು ಮಾತ್ರ ಬಹಳ ಹಳೆಯದು.

ಲ್ಯಾಟಿನ್ನಿನ ‘ಕೊಲೆರೆ’ಗೆ ಉಳು, ನೆಲೆಸು, ಆರಾಧಿಸು ಎಂಬ ಅರ್ಥಗಳೆಲ್ಲ ಇವೆ. ಹೊಲ, ಮನೆ, ದೇವರು ಮೂರನ್ನೂ ಒಂದೇ ಶ್ರದ್ಧೆಯಿಂದ ನೋಡಿಕೊಂಡ ಜನರ ಮಾತಿದು ಎಂದು ನನಗನಿಸುತ್ತದೆ. ಆರಾಧನೆಯ ‘ಕುಲ್ತುಸ್’, ಬೇಸಾಯದ ‘ಕುಲ್ತೂರಾ’ ಎರಡೂ ಅದರಿಂದಲೇ ಬಂದವು. ಸಿಸೆರೊ ತತ್ತ್ವಶಾಸ್ತ್ರವನ್ನು ಮನಸ್ಸಿನ ಬೇಸಾಯವೆಂದು ಕರೆದ. ಕಲ್ಚರ್ ಹೊಲದಿಂದ ಮನುಷ್ಯನ ಒಳಕ್ಕೆ ಬಂದದ್ದು ಆ ದಾರಿಯಲ್ಲಿ. ಅದೇ ಬೇರಿನಿಂದ ‘ಕೊಲೊನುಸ್’ ಎಂಬ ಒಕ್ಕಲಿಗನೂ ಅವನು ದೂರ ಹೋಗಿ ನೆಲೆಸಿದ ‘ಕೊಲೊನಿಯಾ’ವೂ ಹುಟ್ಟಿದವು. ನಾವು ಅನುಭವಿಸಿದ ಕಾಲನಿ ಆಡಳಿತದ ಹೆಸರೂ ಆ ವಂಶದ್ದೇ. ಇದು ನನ್ನನ್ನು ಕಾಡುತ್ತದೆ: ಪರರ ನೆಲಕ್ಕೆ ಬೀಜ ತಂದವನು ಅಲ್ಲಿ ಒಕ್ಕಲೋ, ಒಡೆಯನೋ?

1978ರಲ್ಲಿ ಈ ಪದವನ್ನು ವಿವರಿಸಿ ಜೆಸ್ವಿಟರ ಯೇಸುಸಭೆಗೆಲ್ಲ ಪತ್ರ ಬರೆದವರು ಅದರ ಅಂದಿನ ಮುಖ್ಯಸ್ಥ ಪೆದ್ರೊ ಅರೂಪೆ. ಬಾಸ್ಕ್ ನಾಡಿನಲ್ಲಿ ಹುಟ್ಟಿ, ವೈದ್ಯಶಾಸ್ತ್ರ ಓದಿ, ಜಪಾನಿಗೆ ಹೋಗಿ ಅಲ್ಲಿನ ಬಿಲ್ವಿದ್ಯೆಯನ್ನೂ ಚಹಾ ವಿಧಿಯನ್ನೂ ಕಲಿತವರು. ಅಣುಬಾಂಬ್ ಬಿದ್ದ 1945ರ ಆಗಸ್ಟ್ 6ರಂದು ಅವರಿದ್ದದ್ದು ಹಿರೋಶಿಮಾದ ಅಂಚಿನಲ್ಲಿ. ಮಠವನ್ನೇ ಆಸ್ಪತ್ರೆ ಮಾಡಿ ಸುಟ್ಟ ಮೈಗಳಿಗೆ ಶುಶ್ರೂಷೆ ಮಾಡಿದರು. ಆ ನಾಡಿನವರ ಮುಂದೆ ಮೊದಲು ಶಿಷ್ಯರಾಗಿ ಕೂತವರು ಹೇಳಿದ್ದರಿಂದಲೇ ನಾನು ಆ ಪದವನ್ನು ನಂಬುತ್ತೇನೆ.

ಪದ ಪ್ರಸಿದ್ಧವಾಗುವ ಮೊದಲೇ ಕೆಲಸ ನಮ್ಮ ಬೆಂಗಳೂರಿನಲ್ಲಿ ಶುರುವಾಗಿತ್ತು. ಫಾದರ್ ಡಿ. ಎಸ್. ಅಮಲೋರ್ಪವದಾಸ್ 1967ರಲ್ಲಿ ಇಲ್ಲಿ ರಾಷ್ಟ್ರೀಯ ಬೈಬಲ್, ಧರ್ಮಬೋಧನೆ ಹಾಗೂ ಆರಾಧನಾ ಕೇಂದ್ರವಾದ ಎನ್‌ಬಿಸಿಎಲ್‌ಸಿಯನ್ನು ಕಟ್ಟಿದರು. ಮುಂದೆ ಮೈಸೂರಿನಲ್ಲಿ ಅಂಜಲಿ ಆಶ್ರಮ. ಬಲಿಪೂಜೆಯಲ್ಲಿ ಹನ್ನೆರಡು ಭಾರತೀಯ ರೂಢಿಗಳಿಗೆ ರೋಮ್ 1969ರಲ್ಲಿ ಒಪ್ಪಿಗೆ ಕೊಟ್ಟಿತು: ಚಪ್ಪಲಿ ಕಳಚುವುದು, ನೆಲದ ಮೇಲೆ ಕೂರುವುದು, ಕೈಮುಗಿಯುವುದು, ಆರತಿ ಎತ್ತುವುದು.

ಹಲವು ಭಕ್ತರಿಗೆ ಅದು ಹಿಡಿಸಲಿಲ್ಲ. ದಲಿತ ಕ್ರೈಸ್ತ ಚಿಂತಕರಂತೂ ಮೇಲ್ಜಾತಿಗಳ ರೂಢಿಯನ್ನೇ ಭಾರತೀಯವೆಂದರೆ ಇದು ಯಾರ ಸಂಸ್ಕೃತಿಯೆಂದು ನೇರವಾಗಿ ಕೇಳಿದರು. ತಮಿಳುನಾಡಿನ ಕೆಲವರು ತಮ್ಮ ಜನ ಬಾರಿಸುವ ಪರೈ ವಾದ್ಯವನ್ನೇ ಮುಂದಿಟ್ಟು ದೈವಶಾಸ್ತ್ರ ಬರೆದರು. ಅವರ ಮಾತು ನನಗೆ ಪೂರ್ತಿ ಒಪ್ಪಿಗೆ. ಆರತಿಗೆ ಜಾಗವಾದ ಪೂಜೆಯಲ್ಲಿ ಪರೈಗೂ ತಮಟೆಗೂ ಜಾಗವಾಗಲೇಬೇಕು. ತಲೆಮಾರುಗಳಿಂದ ಕಂಡವರ ಹೊಲ ಉತ್ತು ಬಂದವರು ಅವನ್ನು ಬಾರಿಸಿದವರೇ ಅಲ್ಲವೇ?