ಷರಾ ಬರೆಯೋದೆಲ್ಲಿ?

ಮೊನ್ನೆ ನಮ್ಮ ಟೀಮಿಗೆ ಹೊಸದಾಗಿ ಸೇರಿದ ಹುಡುಗ ಕಾಫಿ ಮಷಿನ್ ಹತ್ತಿರ ಕೇಳಿದ, "ಸರ್, ನಿಮ್ಮ ಫಸ್ಟ್ ಪ್ರಾಜೆಕ್ಟ್ ಯಾವ ಟೆಕ್ನಾಲಜಿ?" "ಸಿಸ್ಟಮ್/36" ಅಂದೆ. ಯಾವುದೋ ಬಸ್ಸಿನ ರೂಟ್ ನಂಬರ್ ಹೇಳಿದೆನೇನೋ ಅನ್ನೋ ಹಾಗೆ ನೋಡಿದ. ತಪ್ಪು ಅವನದಲ್ಲ. ಆ ಕಂಪ್ಯೂಟರನ್ನು ನಾನೂ ಕಣ್ಣಾರೆ ನೋಡಿಲ್ಲ. ಎರಡು ವರ್ಷ ಅದರ ಜೊತೆ ಸಂಸಾರ ಮಾಡಿದ್ದೇನೆ, ಅಷ್ಟೆ.

ಅದು 1998. ಮೆಕ್ಯಾನಿಕಲ್ ಬಿಇ ಮುಗಿಸಿ, ತೀರ್ಥಹಳ್ಳಿ ಕಡೆಯ ನಮ್ಮೂರಿನಿಂದ ಬೆಂಗಳೂರಿನ ಬಸ್ಸು ಹತ್ತಿದ್ದೆ. ಆಗ ವೈಟುಕೆ ಸುಗ್ಗಿ. ವರ್ಷವನ್ನು ಎರಡೇ ಅಂಕಿಯಲ್ಲಿ ಬರೆದಿಟ್ಟ ಹಳೇ ಪ್ರೋಗ್ರಾಂಗಳು 2000ನೇ ಇಸವಿಯನ್ನು 1900 ಅಂದುಕೊಂಡರೆ ಗತಿಯೇನು ಅಂತ ಅಮೆರಿಕದವರಿಗೆ ಚಿಂತೆ, ಅದರಿಂದ ನಮಗೆಲ್ಲ ಕೆಲಸ. ನನ್ನ ಪಾಲಿಗೆ ಬಂದದ್ದು ಅಲ್ಲಿನ ಕೃಷಿ ಯಂತ್ರಗಳ ಬಿಡಿಭಾಗ ಮಾರುವ ಒಬ್ಬ ಸಗಟು ವ್ಯಾಪಾರಿಯ ಲೆಕ್ಕಪತ್ರ.

ಸಿಸ್ಟಮ್/36 ಅನ್ನೋದು ಐಬಿಎಂ 1983ರಲ್ಲಿ ಮಧ್ಯಮ ಗಾತ್ರದ ವ್ಯಾಪಾರಿಗಳಿಗಾಗಿ ತಂದ ಕಂಪ್ಯೂಟರ್. ಶುರುವಿನ ಮಾದರಿಗೆ ಮೆಮೊರಿ 128 ಕೆಬಿಯಿಂದ ಆರಂಭ. ಎಂಟು ಇಂಚಿನ ಫ್ಲಾಪಿ, ಕಪ್ಪು ಪರದೆ ಮೇಲೆ ಹಸಿರು ಅಕ್ಷರ. ನಮ್ಮವರಿಗೆ ಇದರ ಪರಿಚಯ ಆಗದೇ ಇದ್ದದ್ದಕ್ಕೆ ಕಾರಣ ಸರಳ. ಐಬಿಎಂ 1978ರಲ್ಲೇ ಭಾರತ ಬಿಟ್ಟು ಹೋಗಿತ್ತು, ಟಾಟಾ ಜೊತೆ ಸೇರಿ ವಾಪಸ್ ಬಂದದ್ದು 1992ರಲ್ಲಿ. ಅಷ್ಟರಲ್ಲಿ ಸಿಸ್ಟಮ್/36ರ ಕಾಲ ಮುಗಿದು, 1988ರ ಎಎಸ್/400 ಅದರ ಜಾಗಕ್ಕೆ ಬಂದಾಗಿತ್ತು. ಆದರೆ ಆ ಹೊಸ ಯಂತ್ರದೊಳಗೆ ಹಳೇ ಪ್ರೋಗ್ರಾಂಗಳು ಹಾಗೇ ಓಡುವಂತೆ ಒಂದು ವ್ಯವಸ್ಥೆ ಇಟ್ಟಿದ್ದರು. ಹೊಸ ಮನೆ ಕಟ್ಟಿದ ಮೇಲೂ ಅಜ್ಜಿಗೆ ಹಳೇ ಒಲೆ ಇಟ್ಟುಕೊಟ್ಟ ಹಾಗೆ.

ಭಾಷೆ ಆರ್‌ಪಿಜಿ ಟು. ಅದನ್ನು ಮೊದಲು ನೋಡಿದಾಗ ಬೇರೆ ಹುಡುಗರೆಲ್ಲ ತಲೆ ಚಚ್ಚಿಕೊಂಡರು. ಪ್ರತಿ ಸಾಲೂ ಮನೆಗಳಾಗಿ ಭಾಗವಾಗಿರುತ್ತೆ. ಆರನೇ ಕಾಲಂನಲ್ಲಿ ಆ ಸಾಲು ಯಾವ ಜಾತಿಯದ್ದು ಅನ್ನೋ ಅಕ್ಷರ, ಹದಿನೆಂಟರಿಂದ ಮೊದಲ ಸಂಖ್ಯೆ, ಇಪ್ಪತ್ತೆಂಟರಿಂದ ಏನು ಮಾಡಬೇಕು ಅನ್ನೋದು. ಒಂದು ಮನೆ ಆಚೀಚೆ ಆದರೆ ಕತೆ ಮುಗೀತು. ಹೆಸರುಗಳಿಗೆ ಆರೇ ಅಕ್ಷರ. ನಿರ್ಧಾರಗಳಿಗೆ 01ರಿಂದ 99ರ ತನಕ ನಂಬರು ಹಾಕಿದ ಇಂಡಿಕೇಟರ್‌ಗಳು, ಮನೆಯ ಸ್ವಿಚ್‌ಬೋರ್ಡಿನ ಹಾಗೆ ಆನ್ ಅಥವಾ ಆಫ್.

ನನಗೆ ಮಾತ್ರ ಅದು ಎಲ್ಲೋ ನೋಡಿದ್ದು ಅನ್ನಿಸಿತ್ತು. ಅಪ್ಪಯ್ಯ ನಮ್ಮೂರ ಸೊಸೈಟಿಯ ಸೆಕ್ರೆಟರಿ. ಕೆಂಪು ಬಟ್ಟೆಯ ರಟ್ಟಿನ ಅವರ ಲೆಡ್ಜರೂ ಹೀಗೇ: ತಾರೀಖು, ವಿವರ, ಖರ್ಚು, ಜಮಾ, ಬಾಕಿ. ಕೊನೆಯಲ್ಲಿ ಒಂದು ಅಗಲದ ಕಾಲಂ, ಅದರ ತಲೆ ಮೇಲೆ "ಷರಾ" ಅಂತ.

ಒಂದು ದಿನ ಗ್ರಾಹಕರ ಬಾಕಿಗೆ ತಡದ ದಂಡ ಹಾಕುವ ಪ್ರೋಗ್ರಾಂ ತೆರೆದಿದ್ದೆ. ಒಳಗೆ ಒಂದು ವಿಚಿತ್ರ ಸಾಲು: ಗ್ರಾಹಕನ ಸಂಖ್ಯೆ 4417 ಆಗಿದ್ದರೆ 47ನೇ ಇಂಡಿಕೇಟರ್ ಆನ್. ಅದು ಆನ್ ಆದರೆ ದಂಡ ಇಲ್ಲ. ಮೇಲೆ ಏಳನೇ ಕಾಲಂನಲ್ಲಿ ನಕ್ಷತ್ರ ಹಾಕಿ ಬರೆದ ಟಿಪ್ಪಣಿ, 1985ರ ಅಕ್ಟೋಬರಿನದು. "ಕೊಯ್ಲಾದ ಮೇಲೆ ಕೊಡುತ್ತಾರೆ. ಕೇಳದೆ ಇದನ್ನು ತೆಗೆಯಬೇಡಿ."

ಆಗಷ್ಟೇ ಟ್ರೇನಿಂಗ್ ಮುಗಿಸಿದ್ದ ನನಗೆ ಹಾರ್ಡ್‌ಕೋಡಿಂಗ್ ಅಂದರೆ ಮಹಾಪಾಪ. 1985ರ ಕೊಯ್ಲು ಇನ್ನೂ ಮುಗಿದಿಲ್ವಾ ಅಂತ ಪಕ್ಕದವನಿಗೆ ತೋರಿಸಿ ನಕ್ಕು, ಸಾಲು ಅಳಿಸಿದೆ.

ಹಳೇ ರಿಪೋರ್ಟಿಗೂ ಹೊಸ ರಿಪೋರ್ಟಿಗೂ ಒಂದೇ ಒಂದು ಸಾಲು ತಾಳೆಯಾಗಲಿಲ್ಲ. ರಾತ್ರಿ ಒಂಬತ್ತೂವರೆಗೆ, ಅವರಿಗೆ ಬೆಳಗ್ಗೆ, ಫೋನ್ ಬಂತು. ಆ ಕಡೆ ಇದ್ದವರು ಅಲ್ಲಿ ಬಹಳ ವರ್ಷದಿಂದ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಹೆಂಗಸು. ಬೈಯಲಿಲ್ಲ. ಎಂಬತ್ತರ ದಶಕದ ಮಧ್ಯೆ ಅಮೆರಿಕದ ರೈತರು ಸಾಲದಲ್ಲಿ ಮುಳುಗಿದ್ದು, ಜಮೀನಿನ ಬೆಲೆ ಬಿದ್ದದ್ದು, ಊರೂರಲ್ಲಿ ಹೊಲ ಮನೆ ಹರಾಜಾಗಿದ್ದು ಎಲ್ಲಾ ಹೇಳಿದರು. ನನಗೋ ಆಶ್ಚರ್ಯ. ಅಮೆರಿಕದಲ್ಲೂ ಸಾಲ ತೀರಿಸಲಾಗದ ರೈತರು ಇರ್ತಾರೆ ಅಂತ ನನಗೆ ಯಾರೂ ಹೇಳಿರಲಿಲ್ಲ. 4417 ಅಂಥ ಒಂದು ಕುಟುಂಬ. ಪ್ರತಿ ವರ್ಷ ನವೆಂಬರಿನಲ್ಲಿ ಬಂದು ಬಾಕಿ ಪೂರ್ತಿ ಚುಕ್ತಾ ಮಾಡ್ತಾರಂತೆ. "ನಮ್ಮ ಹಳೇ ಯಜಮಾನರು ಅವರಿಗೆ ಮಾತು ಕೊಟ್ಟಿದ್ದರು. ಯಜಮಾನರು ಈಗಿಲ್ಲ. ಆ ಮಾತು ಇರೋದು ಈ ಪ್ರೋಗ್ರಾಂನಲ್ಲಿ ಮಾತ್ರ" ಅಂದರು.

ಸಾಲನ್ನು ವಾಪಸ್ ಹಾಕಿದೆ. ಟಿಪ್ಪಣಿಯ ಕೆಳಗೆ ನನ್ನದೂ ಒಂದು ಟಿಪ್ಪಣಿ ಸೇರಿಸಿದೆ. ಈ ಕತೆಯನ್ನು ಆಮೇಲೆ ಎಷ್ಟು ಪಾರ್ಟಿಗಳಲ್ಲಿ ಹೇಳಿ ಭೇಷ್ ಅನ್ನಿಸಿಕೊಂಡಿದ್ದೇನೋ ಲೆಕ್ಕವಿಲ್ಲ.

ಅದರ ಮುಂದಿನ ಭಾಗವನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

2002ರಲ್ಲಿ ನಮ್ಮೂರ ಸೊಸೈಟಿಗೆ ಕಂಪ್ಯೂಟರ್ ಬಂತು. ಊರಿಗೆ ಹೋಗಿದ್ದ ನಾನೇ ಕೂತು ಲೆಡ್ಜರಿನ ಬಾಕಿಗಳನ್ನೆಲ್ಲ ಅದಕ್ಕೆ ಏರಿಸಿಕೊಟ್ಟೆ. ಅಪ್ಪಯ್ಯ ಪಕ್ಕದಲ್ಲಿ ನಿಂತು ಓದಿ ಹೇಳುತ್ತಿದ್ದರು. ಮಧ್ಯೆ ತಡೆದು ಕೇಳಿದರು, "ಷರಾ ಬರೆಯೋದೆಲ್ಲಿ ಮಾರಾಯ?"

"ಅದಕ್ಕೆ ಜಾಗ ಇಲ್ಲ ಅಪ್ಪಯ್ಯ. ಬೇಕಾಗೋದೂ ಇಲ್ಲ. ಬಡ್ಡಿ, ನೋಟಿಸು ಎಲ್ಲ ಅದೇ ಮಾಡುತ್ತೆ."

ಅವರು ಮತ್ತೆ ಕೇಳಲಿಲ್ಲ. ಬೆಂಗಳೂರಿನ ಮಗ ಹೇಳಿದ್ದಾನೆ, ಸರಿಯೇ ಇರುತ್ತೆ ಅಂದುಕೊಂಡಿರಬೇಕು.

ಮುಂದಿನ ಸಲ ಊರಿಗೆ ಹೋದಾಗ ಒಬ್ಬ ರೈತ ನಮ್ಮನೆ ಅಂಗಳಕ್ಕೆ ಬಂದು ನಿಂತಿದ್ದ. ಮಳೆಗಾಲಕ್ಕೆ ಮುಂಚೆ ಸೊಸೈಟಿಯಿಂದ ಮೈಲುತುತ್ತು, ಗೊಬ್ಬರ ಸಾಲಕ್ಕೆ ಒಯ್ದವನು. ಔಷಧಿ ಹೊಡೆದರೂ ಬಿಡದ ಮಳೆಗೆ ಕೊಳೆರೋಗ ಬಂದು ತೋಟದ ಅರ್ಧ ಅಡಿಕೆ ಉದುರಿತ್ತು. ಉಳಿದದ್ದನ್ನು ಮಂಡಿಗೆ ಹಾಕಿದ ಮೇಲೆ ಕೊಡು ಅಂತ ಅಪ್ಪಯ್ಯ ಹೇಳಿದ್ದರು. ಅವನ ಕೈಯಲ್ಲಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಸುಸ್ತಿ ನೋಟಿಸು. "ಸೆಕ್ರೆಟ್ರಿಗಳೇ, ನೀವೇ ಹೇಳಿದ್ರಲ್ಲ" ಅಂದ. ಜಗಳದ ದನಿ ಅಲ್ಲ. ಅಪ್ಪಯ್ಯ ಜಗಲಿಯಿಂದ ಇಳಿದು ಹೋಗಿ ಆ ಕಾಗದ ಇಸಿದುಕೊಂಡರು. "ಕಂಪ್ಯೂಟರ್ ತಪ್ಪು ಮಾಡಿದೆ, ನಾನು ನೋಡ್ತೇನೆ, ನೀನು ಹೋಗು" ಅಂದರು. ಒಳಗೆ ಕೂತಿದ್ದ ನನಗೆ ಕೇಳಿಸಿತ್ತು. ಕಂಪ್ಯೂಟರ್ ತಪ್ಪು ಮಾಡಿರಲಿಲ್ಲ. ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ ಅವರು. ರಾತ್ರಿ ಊಟಕ್ಕೆ ಕೂತಾಗ ಮಳೆಯ ವಿಷಯ ಮಾತಾಡಿದೆವು.

ಅಪ್ಪಯ್ಯ ರಿಟೈರ್ ಆಗಿ ಈಗ ಆರು ವರ್ಷ. ಹೋದ ದೀಪಾವಳಿಗೆ ಅಟ್ಟ ಗುಡಿಸುವಾಗ ಅವರ ಒಂದು ನೋಟ್‌ಬುಕ್ ಸಿಕ್ಕಿತು. ಸೊಸೈಟಿಗೆ ಕಂಪ್ಯೂಟರ್ ಬಂದ ಮೇಲೂ ಅವರು ಮನೆಯಲ್ಲಿ ಕೈಬರಹದ ಲೆಕ್ಕ ಇಡುತ್ತಿದ್ದರಂತೆ. ಅದೇ ಗೆರೆ, ಅದೇ ಕಾಲಂಗಳು, ಕೊನೆಗೆ ಷರಾ. ಆ ರೈತನ ಹೆಸರಿನ ಮುಂದೆ ಅಸಲು ಸಂದಾಯವಾದ ತಾರೀಖಿತ್ತು. ಅದರ ಕೆಳಗೆ ಸುಸ್ತಿ ಬಡ್ಡಿ 186 ರೂಪಾಯಿ. ಷರಾದಲ್ಲಿ ಪೆನ್ಸಿಲಿನಲ್ಲಿ ಎರಡೇ ಶಬ್ದ: "ನನ್ನಿಂದ ಕಟ್ಟಿದೆ."

ಕೆಳಗಿಂದ ಅಪ್ಪಯ್ಯ ಕೂಗಿದರು, "ಏನು ಸಿಕ್ತೋ ಅಲ್ಲಿ?"

"ಏನಿಲ್ಲ ಅಪ್ಪಯ್ಯ, ಹಳೇ ಲೆಕ್ಕ" ಅಂದೆ. ನೋಟ್‌ಬುಕ್ ಈಗ ನನ್ನ ಹತ್ತಿರ, ಬೆಂಗಳೂರಿನಲ್ಲಿದೆ. ನಾಳೆ ಆ ಹುಡುಗನಿಗೆ ತೋರಿಸಬೇಕು.