ಎರಡು ಬಾಗಿಲು ಸಾಕಾ?

ಒಂದು ವರ್ಷದಿಂದ ಇಲ್ಲಿ ಏನೂ ಬರೆದಿಲ್ಲ. ಮಳೆ, ಕರೆಂಟು, ತೋಟದ ಕೆಲಸ ಅಂತ ಯಾವಾಗಿನ ನೆಪಗಳನ್ನೇ ಹೇಳಬಹುದಿತ್ತು. ಆದರೆ ನಿಜವಾದ ಕಾರಣ ಬೇರೆ. ನಾನು ಕಾರು ಹುಡುಕುತ್ತಿದ್ದೆ. ಅದೂ ಎರಡೇ ಬಾಗಿಲಿನ, ಓಡಿಸಲಿಕ್ಕೆ ಮಜಾ ಕೊಡುವ ಕಾರು. ಐವತ್ತಮೂರನೇ ವಯಸ್ಸಿನಲ್ಲಿ :-)

ನಗಬೇಡಿ ಮಾರಾಯ್ರೆ, ಪೂರ್ತಿ ಕೇಳಿ.

ನಮ್ಮ ಮನೆ ಬೆಳ್ಳಾರೆ ಹತ್ತಿರ. ಹೆಂಡತಿಗೆ ಪುತ್ತೂರಿನಲ್ಲಿ ಶಾಲೆ, ಮಗಳಿಗೆ ಸುಳ್ಯದಲ್ಲಿ ಕಾಲೇಜು, ಅಮ್ಮನ ತವರು ಕಡಬದ ಆಚೆ. ಹಾಗಾಗಿ ನಮ್ಮ ಜೀವನ ಈ ಮೂರು ಊರುಗಳ ನಡುವೆ ಸುತ್ತುವುದರಲ್ಲೇ ಕಳೆಯುತ್ತದೆ. ಅದಕ್ಕೆ ಶೆಡ್ಡಿನಲ್ಲಿ ಎರಡು ಸೆಡಾನ್. ಒಂದು ಅಪ್ಪ 1999ರಲ್ಲಿ ತೆಗೆದದ್ದು, ಇನ್ನೊಂದು ನಾನು 2009ರಲ್ಲಿ ತೆಗೆದದ್ದು. ಕಂಪೆನಿ ಹೆಸರು ಬೇಡ, ಅಷ್ಟು ವರ್ಷ ನಮ್ಮ ಮಳೆ ತಿಂದರೆ ಯಾವ ಕಾರಾದರೂ ಹಾಗೆಯೇ ಆಗುತ್ತದೆ. ಒಂದರ ಹಿಂದಿನ ಗ್ಲಾಸು ಇಳಿದರೆ ಏರುವುದಿಲ್ಲ. ಇನ್ನೊಂದರ ಕಾಲಡಿಯ ಮ್ಯಾಟ್ ಎತ್ತಿದರೆ ರಸ್ತೆ ಕಾಣುತ್ತದೆ.

ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ಲೆಕ್ಕ ಹಾಕಿ ನೋಡಿ, 1999ರದ್ದಕ್ಕೂ 2009ರದ್ದಕ್ಕೂ ಒಟ್ಟಿಗೇ 2024ರಲ್ಲಿ ಬಂತು! ಮೊದಲು 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲಿನಿಂದ 5000 ಆಗಿತ್ತು. ಅದರ ಮೇಲೆ ಹಸಿರು ತೆರಿಗೆ, ಅದಕ್ಕೂ ಮೊದಲು ಗಾಡಿಯನ್ನು ತಪಾಸಣೆಗೆ ನಿಲ್ಲಿಸುವಷ್ಟು ರಿಪೇರಿ. ಎರಡನ್ನೂ ಕೊಟ್ಟು ಒಂದು ತೆಗೆಯುವುದೇ ಒಳ್ಳೆಯದು ಅಂತ ಮನೆಯಲ್ಲಿ ತೀರ್ಮಾನವಾಯ್ತು. ಅಲ್ಲಿಯವರೆಗೆ ಎಲ್ಲರದೂ ಒಂದೇ ಅಭಿಪ್ರಾಯ.

"ಎರಡು ಬಾಗಿಲಿನದ್ದು ತೆಗೆಯುವಾ" ಅಂತ ನಾನು ಹೇಳಿದ ಮೇಲೆ ಅಡುಗೆಮನೆಯಲ್ಲಿ ಪಾತ್ರೆಯ ಶಬ್ದ ಜಾಸ್ತಿಯಾಯ್ತು.

ಈ ಹುಚ್ಚು ಶುರುವಾದದ್ದು 1980ರ ಸುಮಾರಿಗೆ, ಪುತ್ತೂರು ಪೇಟೆಯಲ್ಲಿ. ಅಪ್ಪನ ಕೈ ಹಿಡಿದು ಅಡಿಕೆ ಕೊಡಲು ಹೋದಾಗ ಒಬ್ಬರು ಡಾಕ್ಟರ ಕಾರು ಕಾಣುತ್ತಿತ್ತು. ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್, ಹಳೆಯ ಎರಡು ಬಾಗಿಲಿನದ್ದು. ಅದರ ಬಾನೆಟ್ಟು ಮಡ್‌ಗಾರ್ಡ್ ಸಮೇತ ಮುಂದಕ್ಕೆ ಮಗುಚುತ್ತಿತ್ತು, ಮೊಸಳೆ ಬಾಯಿ ತೆರೆದ ಹಾಗೆ. ಡಾಕ್ಟರು ಒಬ್ಬರೇ ಬರುತ್ತಿದ್ದರು, ಒಬ್ಬರೇ ಹೋಗುತ್ತಿದ್ದರು. ನಮ್ಮ ಊರಲ್ಲಿ ಅಂಬಾಸಿಡರ್ ಬಂತೆಂದರೆ ಕಡಿಮೆ ಅಂದರೂ ಎಂಟು ಜನ ಇಳಿಯುತ್ತಿದ್ದರು. ಒಬ್ಬನೇ ಮನುಷ್ಯ ತನಗೆ ಅಂತಲೇ ಒಂದು ಕಾರು ಇಟ್ಟುಕೊಳ್ಳಬಹುದು ಅನ್ನುವುದು ನನಗೆ ಅಲ್ಲಿ ಗೊತ್ತಾದದ್ದು.

ಆಮೇಲೆ ಹೆರಾಲ್ಡಿಗೂ ನಾಲ್ಕು ಬಾಗಿಲು ಬಂತು. ನಮ್ಮ ದೇಶದಲ್ಲಿ ಎರಡು ಬಾಗಿಲಿನ ಕಾರುಗಳ ಕತೆಯೆಲ್ಲ ಹೆಚ್ಚುಕಡಿಮೆ ಹೀಗೇ. ಬೆಂಗಳೂರಿನ ಸಿಪಾನಿಯವರು ಎಂಬತ್ತರ ದಶಕದ ಆರಂಭದಲ್ಲಿ ಡಾಲ್ಫಿನ್ ಅಂತ ಫೈಬರ್ ಮೈಯ ಪುಟ್ಟ ಕಾರು ಮಾಡಿದರು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಅದರ ಮೂಲ. ಹಗುರ ಇದ್ದದ್ದರಿಂದ ರ‍್ಯಾಲಿಗಳಲ್ಲಿ ಓಡಿತು. ಆದರೆ 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು, ಅದಕ್ಕೆ ನಾಲ್ಕು ಬಾಗಿಲು, ಜನ ಅತ್ತ ಹೋದರು. ಮತ್ತೆ ಗೋವಾದಲ್ಲಿ ತಯಾರಾದ ಸ್ಯಾನ್ ಸ್ಟಾರ್ಮ್ ಇತ್ತು, ಎರಡೇ ಸೀಟು, ಮಾಡು ತೆಗೆಯಬಹುದಾದ ನಿಜವಾದ ಸ್ಪೋರ್ಟ್ಸ್ ಕಾರು. ಮಾರಾಟವಾದದ್ದು ಬೆರಳೆಣಿಕೆ. 2001ರಲ್ಲಿ ಬೆಂಗಳೂರಿನಿಂದಲೇ ರೇವಾ ಬಂತು, ಎರಡು ಬಾಗಿಲಿನ ಕರೆಂಟಿನ ಕಾರು. ಕಾಲಕ್ಕಿಂತ ಮೊದಲೇ ಹುಟ್ಟಿತು ಪಾಪ. ಇಷ್ಟಕ್ಕೆಲ್ಲ ಕಾರಣ ಒಂದೇ ಅನ್ನಿಸುತ್ತದೆ. ನಮ್ಮಲ್ಲಿ ಕಾರು ತೆಗೆಯುವವರು ಮೊದಲು ಹಿಂದಿನ ಸೀಟಿನಲ್ಲಿ ಯಾರು ಕೂರುತ್ತಾರೆ ಅಂತ ನೋಡುತ್ತಾರೆ.

ಹುಡುಕಾಟ ಶುರು ಮಾಡಿದೆ. ಮಂಗಳೂರಲ್ಲಿ ಒಂದು ಸೆಕೆಂಡ್ ಹ್ಯಾಂಡ್ ವಿದೇಶಿ ಕಾರು ನೋಡಿದೆ. ಕೆಂಪು ಬಣ್ಣ, ಎರಡು ಸೀಟು, ಒತ್ತಿದರೆ ಮಾಡು ತಾನಾಗಿಯೇ ಮಡಚಿಕೊಳ್ಳುತ್ತದೆ. ಒಳಗೆ ಕೂರುವುದು ಅಂದರೆ ನೆಲದ ಮೇಲೆ ಮಣೆ ಹಾಕಿ ಊಟಕ್ಕೆ ಕೂತ ಹಾಗೆ. ಕೂತೆ. ಏಳಲಿಕ್ಕೆ ಆಗಲಿಲ್ಲ, ಅದು ಬೇರೆ ವಿಷಯ. ಮಗಳು ಫೋಟೋ ತೆಗೆದು ಬಂಧುಗಳಿಗೆಲ್ಲ ಕಳಿಸಿದಳು.

ಅಂಥ ಕಾರುಗಳ ಹೊಟ್ಟೆ ನೆಲದಿಂದ ಹನ್ನೆರಡು-ಹದಿಮೂರು ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ನಮ್ಮ ಮನೆಗೆ ಬರುವ ದಾರಿ ಅರ್ಧ ಕಾಂಕ್ರೀಟು, ಅರ್ಧ ಮುರಕಲ್ಲು, ನಡುವೆ ಒಂದು ತೋಡು, ಎರಡೂ ಬದಿ ತೆಂಗು. ಗಾಳಿ ಬಂದ ಮರುದಿನ ದಾರಿ ತುಂಬ ಕಾಯಿ ಬಿದ್ದಿರುತ್ತದೆ. ಅಮ್ಮ ಒಂದು ಸೂತ್ರ ಹೇಳಿದಳು: "ಸಿಪ್ಪೆ ಸಮೇತ ತೆಂಗಿನಕಾಯಿ ಅಡಿಯಲ್ಲಿ ಹೋಗದ ಕಾರು ನಮ್ಮ ಅಂಗಳಕ್ಕೆ ಬೇಡ." ಅಷ್ಟೇ. ಕಾರಿನ ಪತ್ರಿಕೆಗಳವರು ಪುಟಗಟ್ಟಲೆ ಬರೆಯುವುದನ್ನು ಅಮ್ಮ ಒಂದು ತೆಂಗಿನಕಾಯಲ್ಲಿ ಮುಗಿಸಿದಳು. ಕೆಂಪು ಕಾರಿನ ಆಸೆ ಅಲ್ಲಿಗೆ ಮುಗಿಯಿತು.

ಉಳಿದದ್ದು ಮೂರು. ಮಾರುತಿ ಜಿಪ್ಸಿ, 1985ರಲ್ಲಿ ಬಂದದ್ದು, 2019ರಲ್ಲಿ ನಮ್ಮಂಥವರಿಗೆ ಮಾರುವುದು ನಿಂತಿತು. ಹಗುರ, ಗಟ್ಟಿ, ಗುಡ್ಡ ಹತ್ತುವುದರಲ್ಲಿ ಆಡಿನ ಹಾಗೆ. ಆದರೆ ಏರ್‌ಬ್ಯಾಗ್ ಇಲ್ಲ, ಹೆಂಡತಿ ಅಲ್ಲಿಗೇ ಬೇಡ ಅಂದಳು. ಎರಡನೆಯದು ಮೂರು ಬಾಗಿಲಿನ ಜಿಮ್ನಿ. ಹಿಂದಿನ ಡಿಕ್ಕಿ ಬಾಗಿಲನ್ನೂ ಲೆಕ್ಕ ಹಾಕುವುದರಿಂದ ಮೂರು, ಮನುಷ್ಯರು ಹತ್ತುವುದು ಎರಡರಲ್ಲೇ. ಗುರುಗ್ರಾಮದಲ್ಲಿ ತಯಾರಾಗಿ 2021ರಿಂದ ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತದೆ, ಇಲ್ಲಿ 2023ರಲ್ಲಿ ಮಾರಾಟಕ್ಕೆ ಬಂದದ್ದು ಐದು ಬಾಗಿಲಿನದ್ದು. ಒಳ್ಳೆಯ ಅಡಿಕೆ ಎಲ್ಲ ಉತ್ತರ ಭಾರತಕ್ಕೆ ಹೋಗಿ ನಾವು ಪಟೋರ ತಿನ್ನುವ ಹಾಗೆ. ಮೂರನೆಯದು ಮಹೀಂದ್ರದ ಥಾರ್. 2020ರಲ್ಲಿ ಹೊಸ ರೂಪದಲ್ಲಿ ಬಂದದ್ದು. ನೆಲದಿಂದ 226 ಮಿಲಿಮೀಟರ್ ಎತ್ತರ. ತೆಂಗಿನಕಾಯಿ ಪರೀಕ್ಷೆ ಪಾಸು! ಐದು ಬಾಗಿಲಿನ ಥಾರ್ ಕೂಡ 2024ರ ಆಗಸ್ಟಿನಲ್ಲಿ ಬಂತು. ಶೋರೂಮಿನ ಹುಡುಗ ಅದನ್ನೇ ತೆಗೊಳ್ಳಿ ಅಂದ. ಬುದ್ಧಿವಂತರು ಅದನ್ನೇ ತೆಗೆಯುತ್ತಾರೆ. ನನಗೆ ಎರಡು ಬಾಗಿಲಿನದ್ದೇ ಬೇಕಿತ್ತು.

ಅಮ್ಮ ನೋಡಿ ಹೇಳಿದ್ದು: "ಇದು ಜೀಪಲ್ವಾ? ಇದಕ್ಕೆ ಯಾಕೆ ಸ್ಪೋರ್ಟ್ಸ್ ಕಾರು ಅಂತ ಹೇಳ್ತಿ?"

ಸರಿಯೇ. ಸುಳ್ಯ, ಕಡಬ, ಸುಬ್ರಹ್ಮಣ್ಯ ಕಡೆಯವರಿಗೆ ಜೀಪು ಹೊಸತಲ್ಲ. ಬಸ್ಸು ಹೋಗದ ಊರುಗಳಿಗೆಲ್ಲ ಜೀಪೇ ಬಸ್ಸು. ಒಳಗೆ ಹದಿನೈದು ಜನ, ಹಿಂದೆ ನೇತಾಡುವವರ ಲೆಕ್ಕ ಬೇರೆ. ಅದೇ ಜೀಪಿನ ಮೊಮ್ಮಗನಲ್ಲಿ ಈಗ ನಾಲ್ಕೇ ಸೀಟು, ಹಿಂದಿನ ಎರಡಕ್ಕೆ ಹೋಗಬೇಕಾದರೆ ಮುಂದಿನ ಸೀಟು ಮಡಚಿ ನುಸುಳಬೇಕು.

ಇಲ್ಲಿಯವರೆಗೆ ತಮಾಷೆ. ಆದರೆ ನನ್ನನ್ನು ನಿಜವಾಗಿ ತಡೆದು ನಿಲ್ಲಿಸಿದ್ದು ದುಡ್ಡಲ್ಲ, ತೆಂಗಿನಕಾಯಿಯೂ ಅಲ್ಲ.

ಅಪ್ಪನ ಸೆಡಾನಿನ ಹಿಂದಿನ ಸೀಟಿನಲ್ಲಿ ಒಂದು ಕಲೆ ಉಂಟು. 2013ರ ಮಳೆಗಾಲದ ಒಂದು ರಾತ್ರಿ ಎರಡು ಗಂಟೆಗೆ ಕೆಳಗಿನ ಮನೆಯ ಹುಡುಗ ಬಂದು ಬಾಗಿಲು ಬಡಿದ. ಅವನ ಅಪ್ಪನಿಗೆ ಹಾವು ಕಚ್ಚಿತ್ತು. ಅವರನ್ನು ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಮಲಗಿಸಿ, ತಲೆ ಹೆಂಡತಿಯ ತೊಡೆ ಮೇಲೆ ಇಟ್ಟು, ಹುಡುಗನನ್ನು ಎದುರು ಕೂರಿಸಿ ಪುತ್ತೂರಿಗೆ ಹೊಡೆದೆ. ಇಪ್ಪತ್ತೈದು ಕಿಲೋಮೀಟರ್ ಹತ್ತಿರ, ವೈಪರ್ ಸಾಲದಷ್ಟು ಮಳೆ. ಮನುಷ್ಯ ಬದುಕಿದರು. ಸವಣೂರು ದಾಟುವಾಗ ವಾಂತಿ ಮಾಡಿದ್ದರು, ಆ ಕಲೆ ಎಷ್ಟು ತೊಳೆದರೂ ಪೂರ್ತಿ ಹೋಗಲಿಲ್ಲ. ಅಪ್ಪ ಆಮೇಲೆ ಹೇಳಿದ್ದು ಒಂದೇ ಮಾತು, "ಸೀಟು ಉದ್ದ ಇದ್ದದ್ದು ಒಳ್ಳೇದಾಯ್ತು." ಎರಡು ವರ್ಷ ಕಳೆದು ಅಪ್ಪನನ್ನೂ ಅದೇ ಸೀಟಿನಲ್ಲಿ ಮಲಗಿಸಿ ಕರೆದುಕೊಂಡು ಹೋದೆ. ಆ ಸಲ ಮಾತ್ರ ಬರುವಾಗ ಸೀಟು ಖಾಲಿ ಇತ್ತು.

2018ರ ಆಗಸ್ಟಿನಲ್ಲಿ ಜೋಡುಪಾಲದಲ್ಲಿ ಗುಡ್ಡ ಜರಿದು ಮಡಿಕೇರಿ ರಸ್ತೆ ಬಂದ್ ಆದಾಗ, ಸಂಪಾಜೆ, ಅರಂತೋಡಿನ ನಿರಾಶ್ರಿತರ ಶಿಬಿರಗಳಿಗೆ ಅಕ್ಕಿ, ಚಾಪೆ, ಬಟ್ಟೆ ಅಂತ ಊರವರು ಒಟ್ಟು ಮಾಡಿದ್ದೆಲ್ಲ ಈ ಎರಡೇ ಕಾರುಗಳಲ್ಲಿ ಹೋದದ್ದು. ಮೊದಲೆಲ್ಲ ಹೊಳೆ ಬಂದು ಹೊಸ್ಮಠದ ಹಳೇ ಸೇತುವೆ ಮುಳುಗಿದರೆ ಕಡಬದ ಮಾವನ ಮನೆಯವರು ಆಚೆ, ನಾವು ಈಚೆ. ನೀರು ಇಳಿದ ಮೇಲೆ ಏಳು ಜನ ಒಂದೇ ಕಾರಲ್ಲಿ ತಿಥಿಗೋ ಮದುವೆಗೋ ಹೋದದ್ದು ಎಷ್ಟು ಸಲವೋ.

ಹಾಗಾದರೆ ಹಳ್ಳಿಯಲ್ಲಿ ಕಾರು ಇಟ್ಟುಕೊಂಡವನಿಗೆ ತನಗೊಬ್ಬನಿಗೇ ಅಂತ ಕಾರು ತೆಗೆಯುವ ಹಕ್ಕುಂಟಾ? ಒಂದು ತಿಂಗಳು ಇದೇ ಯೋಚನೆ. ಹೆಂಡತಿ ಇನ್ನೊಂದು ಪ್ರಶ್ನೆ ಸೇರಿಸಿದಳು, "ಹದಿನೈದು ಲಕ್ಷ ಅಂದರೆ ಎಷ್ಟು ವರ್ಷ ತೋಟಕ್ಕೆ ಮದ್ದು ಬಿಡಬಹುದು?" ಸಂಪಾಜೆ ಕಡೆ ಹಳದಿ ಎಲೆ ರೋಗದಲ್ಲಿ ತೋಟಕ್ಕೆ ತೋಟವೇ ಹೋದದ್ದನ್ನು ಕಂಡವರು ನಾವು. ನಮ್ಮ ಮೇಲಿನ ತೋಟಕ್ಕೂ ಈಗ ಎಲೆಚುಕ್ಕಿ ಬಂದಿದೆ. ಅವಳ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತಿಗೂ ಇಲ್ಲ.

ಕೊನೆಗೆ ತೀರ್ಮಾನ ಮಾಡಿದ್ದು ಅಮ್ಮ. ಒಂದು ಸಂಜೆ ಅಡಿಕೆ ಸುಲಿಯುತ್ತಾ, ತಲೆ ಎತ್ತದೆ ಹೇಳಿದಳು: "ನಿನ್ನ ಅಪ್ಪನಿಗೆ ಬುಲೆಟ್ ಬೈಕ್ ಬೇಕು ಅಂತ ಇತ್ತು. ಮಕ್ಕಳಾಯ್ತು, ಆಮೇಲೆ ತೆಗೆಯುವಾ ಅಂದ್ರು. ಆಮೇಲೆ ಕಾರು ಬಂತು. ಸಾಯುವ ತನಕ ದಾರಿಯಲ್ಲಿ ಬುಲೆಟ್ ಶಬ್ದ ಕೇಳಿದ್ರೆ ಹೊರಗೆ ಬಂದು ನೋಡ್ತಿದ್ರು. ನೀ ಹಾಗೆ ನೋಡೋದು ಬೇಡ. ತೆಗಿ. ಆದ್ರೆ ಎದುರು ಸೀಟು ನಂಗೆ."

ತೆಗೆದೆ. ಡೀಸೆಲ್, ಕಪ್ಪು ಬಣ್ಣ. ನನ್ನ ಸೆಡಾನನ್ನು ಎಕ್ಸ್‌ಚೇಂಜಿಗೆ ಕೊಟ್ಟೆ, ಸಿಕ್ಕಿದ್ದು ಹೇಳಿಕೊಳ್ಳುವಂಥ ಮೊತ್ತವಲ್ಲ. ಅಮ್ಮ ಎಪ್ಪತ್ತೇಳರಲ್ಲಿ ಅದನ್ನು ಹತ್ತುವುದು ಹೇಗೆ? ಅಂಗಳದಲ್ಲಿ ಒಂದು ಮುರಕಲ್ಲು ಇಟ್ಟಿದ್ದೇವೆ. ಹೋದಲ್ಲಿ ಇಳಿಯಲಿಕ್ಕೆ ಒಂದು ಮರದ ಮಣೆ ಯಾವಾಗಲೂ ಕಾರಲ್ಲೇ ಇರುತ್ತದೆ. ಶಾಂತಿಮೊಗರು ಸೇತುವೆ ದಾಟಿ ಕಡಬಕ್ಕೆ ಹೋಗುವಾಗ ಗ್ಲಾಸು ಇಳಿಸಿ ಕುಮಾರಧಾರೆ ನೋಡುತ್ತಾಳೆ. "ಎತ್ತರ ಇದ್ರೆ ಹೊಳೆ ಚೆಂದ ಕಾಣ್ತದೆ" ಅಂತಾಳೆ. ಒಂದು ದಿನ ಬೆಳಿಗ್ಗೆ ಐದು ಗಂಟೆಗೆ ನಾನೊಬ್ಬನೇ ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೆ ಹೋಗಿ ಕಾಫಿ ಕುಡಿದು ಬಂದೆ. ಯಾವ ಕೆಲಸವೂ ಇರಲಿಲ್ಲ. ಜೀವನದಲ್ಲಿ ಕೆಲಸವಿಲ್ಲದೆ ಕಾರು ಹತ್ತಿದ್ದು ಅದೇ ಮೊದಲು.

ಎಲ್ಲ ಖುಷಿಯೇ ಅಂತ ಬರೆದರೆ ಸುಳ್ಳಾಗುತ್ತದೆ. ಈ ಜೂನಿನಲ್ಲಿ ಸೋಣಂಗೇರಿ ಹತ್ತಿರ ಒಬ್ಬರು ಅಜ್ಜಿ ಕೊಡೆ ಹಿಡಿದು ಬಸ್ಸಿಗೆ ನಿಂತಿದ್ದರು. ಮೊದಲಾದರೆ ಕೈ ಹಿಂದೆ ಚಾಚಿ ಬಾಗಿಲು ತೆರೆದರೆ ಮುಗಿಯುತ್ತಿತ್ತು. ಅಮ್ಮ ಎದುರು ಕೂತಿದ್ದಳು. ಅವಳನ್ನು ಮಣೆ ಇಟ್ಟು ಇಳಿಸಿ, ಸೀಟು ಮಡಚಿ, ಅಜ್ಜಿಯನ್ನು ಹತ್ತಿಸಬೇಕು, ಆ ಮಳೆಯಲ್ಲಿ. ಅಜ್ಜಿ ಕಾರನ್ನೊಮ್ಮೆ, ನನ್ನನ್ನೊಮ್ಮೆ ನೋಡಿ "ಬೇಡ ಮಗಾ, ಬಸ್ಸು ಬರ್ತದೆ" ಅಂದರು. ಮನೆ ತನಕ ಅಮ್ಮ ಮಾತಾಡಲಿಲ್ಲ.

ಅಪ್ಪನ ಸೆಡಾನ್ ಏನಾಯ್ತು ಅಂತ ಕೇಳಲೇ ಇಲ್ಲವಲ್ಲ ನೀವು? ಗುಜರಿಗೆ ಕೊಡುವುದೆಂದು ಮಾತಾಗಿತ್ತು. ಅಷ್ಟರಲ್ಲಿ ಕೆಳಗಿನ ಮನೆಯ ಹುಡುಗ ಬಂದ. ಈಗ ಹುಡುಗನಲ್ಲ, ಸುಳ್ಯದಲ್ಲಿ ವೆಲ್ಡಿಂಗ್ ಕೆಲಸ, ಇಬ್ಬರು ಮಕ್ಕಳು. "ಅಣ್ಣಾ, ಅದನ್ನು ನಂಗೆ ಕೊಡಿ, ತುಕ್ಕು ನಾನೇ ಸರಿ ಮಾಡ್ತೇನೆ" ಅಂದ. ದುಡ್ಡು ಬೇಡ ಅಂದೆ, ಅವನು ಕೇಳಲಿಲ್ಲ, ಗುಜರಿಯವನು ಹೇಳಿದ ರೇಟಿಗಿಂತ ಸಾವಿರ ಹೆಚ್ಚೇ ಕೊಟ್ಟ. ನೆಲಕ್ಕೆ ಶೀಟು ಹಾಕಿ, ನೋಂದಣಿ ನವೀಕರಿಸಿ, ಬಿಳಿ ಬಣ್ಣ ಹೊಡೆಸಿದ್ದಾನೆ. ಹಿಂದಿನ ಸೀಟಿನ ಬಟ್ಟೆ ಮಾತ್ರ ಬದಲಾಯಿಸಲಿಲ್ಲ.

ಇನ್ನು ರಾತ್ರಿ ಎರಡು ಗಂಟೆಗೆ ಏನಾದರೂ ಆದರೆ ನಾನೇ ಹೋಗಿ ಅವನ ಬಾಗಿಲು ಬಡಿಯಬೇಕು.